ಮೆತ್ತಿನ ಮರದ ನೆಲಕ್ಕೆ ಏನು ಹಚ್ಚಿಸುವುದು? ಪಿಯು (ಪಾಲಿಯುರಿಥೇನ್) ಪಾಲಿಶ್ಸೋ, ಎಣ್ಣೆಯೋ?

ಮೆತ್ತಿನಮನೆ (ಸಾಗರ ಕಡೆ)

ಎಲ್ಲರಿಗೂ ನಮಸ್ಕಾರ. ಸಾಗರದ ಹತ್ತಿರದ ಹಳ್ಳಿಯಲ್ಲಿ ನಮ್ಮದು ಅಜ್ಜನ ಕಾಲದ ಮನೆ. ಕೆಳಗೆ ಕಾವಿ ನೆಲ, ಅದರ ತಕರಾರು ಏನಿಲ್ಲ. ಮೇಲೆ ಮೆತ್ತು, ಅಂದರೆ ಮಹಡಿ, ಮಾತ್ರ ಪೂರ್ತಿ ಮರದ್ದು. 40 ಅಡಿ ಉದ್ದ, 16 ಅಡಿ ಅಗಲ. ಹೆಚ್ಚಿನವು ಮತ್ತಿ ಹಲಗೆ, ಮಧ್ಯೆ ನಾಲ್ಕೈದು ಹಲಸಿನವು, ಆಮೇಲೆ ಸೇರಿಸಿದ್ದು. ಮೊದಲು ಅಲ್ಲಿ ಅಡಿಕೆ ಮೂಟೆ, ಬಾಳೆಗೊನೆ, ಹಳೇ ಟ್ರಂಕು ಇರುತ್ತಿದ್ದವು. ಈಗ ಮಕ್ಕಳ ಓದು, ಆಟ, ಮಲಗುವುದು ಎಲ್ಲ ಅಲ್ಲೇ.

ಮನೆಯಲ್ಲಿ ಎಂಟು ಜನ. ಬೇಸಿಗೆ ರಜೆಯಲ್ಲಿ ಅಕ್ಕ ತಂಗಿಯರ ಮಕ್ಕಳೂ ಬಂದರೆ ಹದಿನೈದು. ಒಂದು ನಾಯಿ ಇದೆ. ಅದು ಮೆತ್ತು ಹತ್ತಬಾರದು ಅಂತ ಕಾನೂನು ಇದೆ, ಆದರೆ ಕಾನೂನು ನಾಯಿಗೆ ಗೊತ್ತಿಲ್ಲ. ಕೊಯ್ಲಿನ ಸಮಯದಲ್ಲಿ ಅಂಗಳದಿಂದ ಅಡಿಕೆ ಬೇಯಿಸಿದ ಚೊಗರು ಮೆತ್ತಿದ ಕಾಲಲ್ಲೇ ಎಲ್ಲರೂ ಓಡಾಡುತ್ತಾರೆ. ಅಮ್ಮ ದಿನಾ ಬೆಳಿಗ್ಗೆ ಬಕೆಟ್ ನೀರು, ಫಿನಾಯಿಲ್ ಹಾಕಿ ಒರೆಸದೇ ಬಿಡುವುದಿಲ್ಲ. ಸಂದಿನಲ್ಲಿ ನೀರು ಇಳಿದು ಕೆಳಗೆ ಕೂತವರ ತಲೆ ಮೇಲೆ ಹನಿ ಬಿದ್ದದ್ದೂ ಇದೆ.

ನಾಲ್ಕು ವರ್ಷದ ಹಿಂದೆ ಒಬ್ಬರನ್ನು ಕರೆಸಿ ಪಾಲಿಶ್ ಮಾಡಿಸಿದೆವು. ಮೆಲಮೈನ್ ಅಂದರು, ಗಾಜಿನ ಹಾಗೆ ಹೊಳೆಯಿತು, ನೆಂಟರೆಲ್ಲ ಹೊಗಳಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಏಣಿಮೆಟ್ಟಿಲ ಬಾಯಿಯಲ್ಲಿ ಸಿಪ್ಪೆ ಎದ್ದಿತು. ಈಗ ಮಧ್ಯೆ ಓಡಾಡುವ ದಾರಿ ಪೂರ್ತಿ ಬೋಳು, ಅಂಚಿನಲ್ಲಿ ಮಾತ್ರ ಹೊಳಪು. ಫೋನ್ ಮಾಡಿದರೆ ಅವರು ಎತ್ತುವುದಿಲ್ಲ.

ಈ ಸಲ ಸರಿಯಾಗಿ ಮಾಡಿಸಬೇಕು. ಪಿಯು ಹಾಕಿಸಿ ಅಂತ ಒಬ್ಬರು, ಎಣ್ಣೆ ಹಚ್ಚಿ ಸಾಕು ಅಂತ ಇನ್ನೊಬ್ಬರು. ನನಗೆ ಬೇಕಾದದ್ದು ಇಷ್ಟೇ: ಒಂದು ಸಲ ಖರ್ಚು ಮಾಡಿ ಹತ್ತು ವರ್ಷ ಮರೆತುಬಿಡುವಂಥದ್ದು. ಎಷ್ಟು ದಿನ ಮೆತ್ತು ಖಾಲಿ ಮಾಡಬೇಕಾಗುತ್ತದೆ ಅನ್ನುವುದನ್ನೂ ದಯವಿಟ್ಟು ಹೇಳಿ. ಎಂಟು ಜನ ಕೆಳಗೆ ಎರಡು ಕೋಣೆಯಲ್ಲಿ ಮಲಗಬೇಕು.

ಪಾಲಿಶ್‌ಕೆಲಸ (ಮಂಗಳೂರು)

ಸರ್, ನಾನು ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಮಾತು. ಮೆಲಮೈನ್ ಬೀರು, ಬಾಗಿಲು, ಮಂಚಕ್ಕೆ. ನೆಲಕ್ಕೆ ಅಲ್ಲ. ಅದು ಒಣಗಿದ ಮೇಲೆ ಗಟ್ಟಿ, ಆದರೆ ಹಪ್ಪಳದ ಹಾಗೆ ಗಟ್ಟಿ. ನಿಮ್ಮ ಮೆತ್ತಿನ ಹಲಗೆ ತೊಲೆಯಿಂದ ತೊಲೆಗೆ ಕಾಲಿಟ್ಟಾಗ ಸ್ವಲ್ಪ ಬಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಜೊತೆಗೆ ಬಗ್ಗಲು ಬಾರದ ಪದರ ಒಡೆಯಲೇಬೇಕು. ಸ್ಪಿರಿಟ್‌ನಲ್ಲಿ ಅರಗು ಕರಗಿಸಿದ ಫ್ರೆಂಚ್ ಪಾಲಿಶ್ ಕೂಡ ನೆಲಕ್ಕೆ ಬೇಡ. ಬಿಸಿ ಲೋಟ ಇಟ್ಟರೆ ಬಿಳಿ ಉಂಗುರ ಬೀಳುತ್ತದೆ.

ನೆಲಕ್ಕೆ ಅಂತಲೇ ಬರುವ ಪಿಯು ಬೇಕು. ಅದರಲ್ಲಿ ಎರಡು ಬಗೆ. ಥಿನ್ನರ್ ಹಾಕುವ ಹಳೇ ಬಗೆ ಮರಕ್ಕೆ ಜೇನಿನ ಬಣ್ಣ ಕೊಡುತ್ತದೆ, ವಾಸನೆ ಜಾಸ್ತಿ. ಕೆಲವದರಲ್ಲಿ ಒಂದು ಕೋಟ್‌ಗೆ ಒಂದು ದಿನ ಕಾಯಬೇಕು, ಪೂರ್ತಿ ಗಟ್ಟಿಯಾಗಲು ಹೆಚ್ಚು ಕಡಿಮೆ ಒಂದು ತಿಂಗಳು. ನೀರಿನ ಪಿಯು ಎರಡರಿಂದ ನಾಲ್ಕು ಗಂಟೆಯಲ್ಲಿ ಒಣಗುತ್ತದೆ, ವಾಸನೆ ಕಡಿಮೆ, ಮರದ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ. ಹಾರ್ಡನರ್ ಬೆರೆಸುವ ಎರಡು ಡಬ್ಬಿಯದ್ದು ಇನ್ನೂ ಗಟ್ಟಿ. ಆದರೆ ಅದನ್ನು ಹಚ್ಚುವಾಗ ಮಕ್ಕಳು ಹತ್ತಿರ ಇರಬಾರದು, ಹಚ್ಚುವವನು ಸರಿಯಾದ ಮಾಸ್ಕ್ ಹಾಕಲೇಬೇಕು. ಹಾರ್ಡನರ್‌ನಲ್ಲಿರುವ ಐಸೋಸಯನೇಟ್ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮುಖಕ್ಕೆ ಟವೆಲ್ ಕಟ್ಟಿಕೊಂಡು ಕೆಲಸ ಮಾಡುವ ಹುಡುಗರನ್ನು ದಿನಾ ನೋಡುತ್ತೇನೆ, ಬೈದು ಬೈದು ಸಾಕಾಗಿದೆ.

ನಿಮ್ಮದು ಸುಮಾರು 60 ಚದರ ಮೀಟರ್. ಲೀಟರಿಗೆ ಒಂದು ಕೋಟ್ 10 ಚದರ ಮೀಟರ್ ಅಂತ ಹಿಡಿಯಿರಿ. ಮೂರು ಕೋಟ್‌ಗೆ 18 ಲೀಟರ್ ಬೇಕು. ಯಾರಾದರೂ ಎಂಟು ಲೀಟರಿನಲ್ಲಿ ಮುಗಿಸುತ್ತೇನೆ ಅಂದರೆ ಬರಬೇಡ ಅನ್ನಿ.

ಗ್ಲಾಸಿ ಬೇಡ, ಮ್ಯಾಟ್ ಅಥವಾ ಸಾಟಿನ್ ಹಾಕಿಸಿ. ಗಟ್ಟಿತನದ ಪ್ರಶ್ನೆ ಅಲ್ಲ ಇದು. ಗ್ಲಾಸಿಯಲ್ಲಿ ನಾಯಿ ಉಗುರಿನ ಒಂದೊಂದು ಗೀರೂ ಕಿಟಕಿ ಬೆಳಕಿಗೆ ಎದ್ದು ಕಾಣುತ್ತದೆ, ಮ್ಯಾಟ್‌ನಲ್ಲಿ ಅದೇ ಗೀರು ಕಣ್ಣಿಗೆ ಬೀಳುವುದಿಲ್ಲ.

ಯಾವಾಗ ಮಾಡಿಸುತ್ತೀರಿ ಅನ್ನುವುದು ಯಾವ ಡಬ್ಬಿ ಅನ್ನುವುದಕ್ಕಿಂತ ಮುಖ್ಯ. ಮಳೆ ಮುಗಿದ ಕೂಡಲೇ ಬೇಡ, ಹಲಗೆ ಇನ್ನೂ ನೀರು ಕುಡಿದಿರುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಒಳಗೆ, ಮೀಟರ್ ಚುಚ್ಚಿ ನೋಡಿ ತೇವ 12 ಪರ್ಸೆಂಟಿನ ಆಸುಪಾಸಿಗೆ ಇಳಿದ ಮೇಲೆ ಮಾಡಿಸಿ. ಹಲಗೆ ಸಂದಿಗೆ ಮರದ ಪುಡಿ, ಫೆವಿಕಾಲ್ ಕಲಸಿ ತುಂಬುತ್ತೇನೆ ಅಂದರೆ ಒಪ್ಪಬೇಡಿ. ಜೂನ್ ಬಂತು ಅಂದರೆ ಹಲಗೆ ಉಬ್ಬಿ ಅದನ್ನೆಲ್ಲ ಹೊರಗೆ ದಬ್ಬುತ್ತದೆ. ಹಚ್ಚುವ ದಿನ ಕೆಳಗಿನ ಕೋಣೆಯಲ್ಲಿ ಪ್ಲಾಸ್ಟಿಕ್ ಹಾಸಿ, ಸಂದಿನಿಂದ ಪಿಯು ಹನಿ ಬಿದ್ದೇ ಬೀಳುತ್ತದೆ. ಕಾವಿ ನೆಲದ ಮೇಲೆ ಬಿದ್ದು ಗಟ್ಟಿಯಾದರೆ ತೆಗೆಯುವುದು ಕಷ್ಟ.

ಮೆತ್ತು ಖಾಲಿ: ಉಜ್ಜಲು ಎರಡು ದಿನ, ಹಚ್ಚಲು ಎರಡು ದಿನ, ಆಮೇಲೆ ಒಂದು ದಿನ ಯಾರೂ ಕಾಲಿಡಬಾರದು. ಮಂಚ ಎತ್ತಿ ಇಡಲು ಇನ್ನೂ ಮೂರು ದಿನ. ಚಾಪೆ, ಜಮಖಾನ ಎರಡು ವಾರ ಬೇಡ. ಹತ್ತು ವರ್ಷ ಮರೆಯುತ್ತೇನೆ ಅಂದರೆ ಮಾತ್ರ ನಾನು ಭಾಷೆ ಕೊಡುವುದಿಲ್ಲ.

ಹಾಸನದವ (ನ್ಯೂಜೆರ್ಸಿ)

ಇಲ್ಲಿ ಮನೆ ಮನೆಗೂ ಮರದ ನೆಲ, ಹಾಗಾಗಿ ಪೆಟ್ಟು ತಿಂದು ಕಲಿತದ್ದನ್ನು ಹೇಳುತ್ತೇನೆ. ನಮ್ಮದು ರೆಡ್ ಓಕ್, ಪಿಯು ಹಾಕಿದ್ದು. ಇಬ್ಬರು ಮಕ್ಕಳು, 30 ಕೆಜಿಯ ಲ್ಯಾಬ್ರಡಾರ್.

ಪಾಲಿಶ್‌ಕೆಲಸ ಅವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಪಿಯು ಗೀರು ತಡೆಯುತ್ತದೆ, ನೀರು ತಡೆಯುತ್ತದೆ. ತಗ್ಗು ತಡೆಯುವುದಿಲ್ಲ. ಮೇಲಿನ ಪದರ ಕೂದಲಿನಷ್ಟು ದಪ್ಪ, ಅದರ ಕೆಳಗಿರುವುದು ಮರವೇ. ಮಗ ಡಂಬೆಲ್ ಬೀಳಿಸಿದ ಜಾಗದಲ್ಲಿ ಪಿಯು ಒಡೆಯದೇ ಮರದ ಜೊತೆಗೇ ಒಳಗೆ ಇಳಿದು ಕೂತಿದೆ, ಪುಟ್ಟ ಬಟ್ಟಲಿನ ಹಾಗೆ. ತಗ್ಗು ಬೀಳುವುದು ಬಿಡುವುದು ಮರದ ಗಟ್ಟಿತನದ ಮೇಲೆ. ಅದನ್ನು ಅಳೆಯಲು ಜಂಕಾ ಅಂತ ಒಂದು ಪರೀಕ್ಷೆ ಇದೆ, 11.28 ಮಿ.ಮೀ. ಉಕ್ಕಿನ ಗುಂಡನ್ನು ಅರ್ಧ ಹುಗಿಯಲು ಎಷ್ಟು ಬಲ ಬೇಕು ಅಂತ ನೋಡುತ್ತಾರೆ. ರೆಡ್ ಓಕ್‌ಗೆ 1,290 ಪೌಂಡ್, ತೇಗಕ್ಕೆ ಅದಕ್ಕಿಂತ ಕಡಿಮೆ. ಅಂದರೆ ನಾವು ಮೆರೆಯುವ ತೇಗದ ನೆಲದಲ್ಲೇ ತಗ್ಗು ಬೇಗ ಬೀಳುತ್ತದೆ. ಮತ್ತಿ ಗಟ್ಟಿ ಮರ, ನೀವು ಅದೃಷ್ಟವಂತರು.

ನಾನು ಮಾಡಿದ ತಪ್ಪು ಬೇರೆ. ಸೋಫಾದಿಂದ ಅಡುಗೆಮನೆಗೆ ಹೋಗುವ ದಾರಿಯಲ್ಲಿ ಹೊಳಪು ಮಂಕಾಯಿತು. ಆಗಲೇ ಮೇಲಿನ ಪದರವನ್ನು ತೆಳ್ಳಗೆ ಉಜ್ಜಿ ಇನ್ನೊಂದು ಕೋಟ್ ಹಾಕಿಸಿದ್ದರೆ ಒಂದು ದಿನದ ಕೆಲಸ. ಮುಂದಿನ ವರ್ಷ, ಮುಂದಿನ ವರ್ಷ ಅಂತ ತಳ್ಳಿದೆ. ಪಿಯು ಪೂರ್ತಿ ಸವೆದು ಮರಕ್ಕೆ ನೀರು ತಾಗಿ ಬೂದು ಬಣ್ಣ ಬಂತು. ಆಮೇಲೆ ಇಡೀ ನೆಲವನ್ನು ಬುಡದಿಂದ ಉಜ್ಜಬೇಕಾಯಿತು. ಐದು ದಿನ ನಾವು, ಮಕ್ಕಳು, ನಾಯಿ ಎಲ್ಲ ಗೆಳೆಯನ ಮನೆಯ ಬೇಸ್‌ಮೆಂಟಿನಲ್ಲಿ. ಅವನ ಹೆಂಡತಿ ಇವತ್ತಿಗೂ ಆ ನಾಯಿಯ ಹೆಸರು ಹೇಳುವುದಿಲ್ಲ.

ಯಾವಾಗ ಕೋಟ್ ಬೇಕು ಅಂತ ತಿಳಿಯಲು ಸುಲಭ ದಾರಿ ಇದೆ. ನೆಲದ ಮೇಲೆ ಅಲ್ಲಲ್ಲಿ ಒಂದೊಂದು ಹನಿ ನೀರು ಬಿಡಿ. ಕೆಸುವಿನ ಎಲೆ ಮೇಲಿನ ಹಾಗೆ ಗುಂಡಗೆ ನಿಂತರೆ ಪದರ ಇದೆ. ಐದು ನಿಮಿಷದಲ್ಲಿ ಕೆಳಗಿನ ಮರ ಕಪ್ಪಾಗಿ ನೀರು ಹೀರಿಕೊಂಡರೆ ಅಲ್ಲಿ ಪದರ ಹೋಗಿದೆ.

ಇನ್ನು ನೀರು ಸುರಿದು ಒರೆಸುವುದು. ನಮ್ಮಮ್ಮ ಹಾಸನದಿಂದ ಬಂದ ಮೊದಲ ವಾರ, ಇದೇನು ಮನೆಯೋ, ನೆಲ ತೊಳೆಯದೇ ಹೇಗೆ ಇರುತ್ತೀರೋ ಅಂತ ಬೇಜಾರಾಗಿದ್ದರು. ಕೊನೆಗೆ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಲು ಒಪ್ಪಿದರು. ಹಿಂಡಿದ ಬಟ್ಟೆ ಸಾಕು. ಬಕೆಟ್ ನೀರಿಗೆ ಯಾವ ಪಾಲಿಶ್ಸೂ ಉಳಿಯುವುದಿಲ್ಲ.

ಕೊಪ್ಪದಕ್ಕ

ನಮಸ್ಕಾರ. ನಮ್ಮದೂ ಉಪ್ಪರಿಗೆ ಮನೆ, ಕೊಪ್ಪದ ಹತ್ತಿರ. ಮಳೆ ನಿಮಗಿಂತ ಕಡಿಮೆ ಏನಿಲ್ಲ. ಅಣ್ಣಂದಿರಿಬ್ಬರೂ ಪಿಯು ಅಂದಿದ್ದಾರೆ, ನಾನು ಬೇರೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಯಾವುದು ಜಾಸ್ತಿ ದಿನ ಬಾಳುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಹಾಳಾದ ಮೇಲೆ ಸರಿ ಮಾಡುವವರು ಯಾರು ಅಂತ ಕೇಳಿ. ಮೆತ್ತಿನಮನೆಯವರೇ, ನಿಮಗೆ ಮೆಲಮೈನ್ ಹಾಕಿದವರು ಫೋನ್ ಎತ್ತುವುದಿಲ್ಲ ಅಂದಿರಲ್ಲ, ಹಳ್ಳಿಯಲ್ಲಿರುವ ನಮಗೆಲ್ಲ ಅದೇ ಕಥೆ. ಒಂದು ಮೊಳ ಜಾಗ ಹಾಳಾಗಿದೆ ಅಂದರೆ ಪೇಟೆಯಿಂದ ಯಾರು ಬರುತ್ತಾರೆ? ಪಿಯುನಲ್ಲಿ ಅಷ್ಟೇ ಜಾಗಕ್ಕೆ ನಾವೇ ಹಚ್ಚಿದರೆ ಅಂಗಿಗೆ ತೇಪೆ ಹಾಕಿದ ಹಾಗೆ ಕಾಣುತ್ತದೆ, ಅಂಚು ಎದ್ದು ತೋರುತ್ತದೆ.

ನಾವು ಹಾಕಿದ್ದು ಹಾರ್ಡ್‌ವ್ಯಾಕ್ಸ್ ಆಯಿಲ್. ಗಿಡದ ಎಣ್ಣೆ, ಮೇಣ ಸೇರಿಸಿ ಮಾಡಿದ್ದು. ಮರದ ಮೇಲೆ ದಪ್ಪ ಪದರ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ಹೋದ ವರ್ಷ ಮಗಳು ಬಿಸಿ ಕಾವಲಿಯನ್ನು ತಂದು ನೇರ ನೆಲದ ಮೇಲೆ ಇಟ್ಟಳು. ಮೇಲೆ ಕಾವಲಿಗೆ ಏನು ಕೆಲಸ ಅಂತ ಕೇಳಬೇಡಿ, ತಮ್ಮನಿಗೆ ದೋಸೆ ಒಯ್ದಿದ್ದಳಂತೆ. ಅರ್ಧಚಂದ್ರದ ಹಾಗೆ ಕಂದು ಗುರುತು. ನಾನು 120 ನಂಬರ್ ಸ್ಯಾಂಡ್ ಪೇಪರನ್ನು ಮರದ ತುಂಡಿಗೆ ಸುತ್ತಿ ಹಲಗೆಯ ನಾರಿನ ಗೆರೆಯ ಉದ್ದಕ್ಕೇ ಉಜ್ಜಿದೆ. ಪುಡಿ ಒರೆಸಿ, ಎರಡು ಚಮಚ ಎಣ್ಣೆ ಹಾಕಿ, ಹಳೇ ಬನಿಯನ್ ಬಟ್ಟೆಯಲ್ಲಿ ತಿಕ್ಕಿ, ಹೆಚ್ಚಾದದ್ದನ್ನು ಒರೆಸಿ ತೆಗೆದೆ. ಅರ್ಧ ಗಂಟೆ ಹಿಡಿಯಿತು. ಮೊದಲ ದಿನ ಆ ಜಾಗ ಸ್ವಲ್ಪ ತಿಳಿಯಾಗಿ ಕಂಡಿತು, ತಿಂಗಳು ಕಳೆದ ಮೇಲೆ ಎಲ್ಲಿ ಅಂತ ನನಗೇ ಹುಡುಕಬೇಕಾಯಿತು.

ಇನ್ನೊಂದು ವಿಷಯ. ಮೆತ್ತಿನ ಹಲಗೆಗೆ ಕೆಳಗೂ ಗಾಳಿ ತಾಗುತ್ತದೆ. ಮೇಲೆ ಮಾತ್ರ ಪ್ಲಾಸ್ಟಿಕ್ಕಿನಂಥ ಪದರ ಹಾಕಿ ಕೆಳಮೈಗೆ ಏನೂ ಹಚ್ಚದೇ ಬಿಟ್ಟರೆ ಮಳೆಗಾಲದಲ್ಲಿ ಕೆಳಗಿನಿಂದ ತೇವ ಹೀರಿ ಹಲಗೆ ದೋಣಿಯ ಹಾಗೆ ಬಾಗುತ್ತದೆ. ನಮ್ಮ ಚಿಕ್ಕಪ್ಪನ ಮನೆಯಲ್ಲಿ ಆದದ್ದು ಅದೇ, ನಡೆದರೆ ಅಂಚು ಕಾಲಿಗೆ ತಾಗುತ್ತದೆ. ಎಣ್ಣೆ ಹಾಕಿದರೆ ಅಷ್ಟು ಕಟ್ಟುವುದಿಲ್ಲ, ಮರ ಉಸಿರಾಡುತ್ತದೆ.

ಎಣ್ಣೆ ಅಂದ ಕೂಡಲೇ ಅಂಗಡಿಯಿಂದ ಅಗಸೆ ಎಣ್ಣೆ ತಂದು ಬಳಿಯಬೇಡಿ ಮತ್ತೆ. ನಮ್ಮ ಮಾವ ಅದನ್ನೇ ಮಾಡಿದ್ದರು. ಹಸಿ ಅಗಸೆ ಎಣ್ಣೆ ಒಣಗಲು ದಿನಗಟ್ಟಲೆ ಬೇಕು, ನಮ್ಮ ಮಳೆಗೆ ಅದರ ಮೇಲೆ ಬೂಸ್ಟು ಹಿಡಿದು ನೆಲ ಕಪ್ಪಾಗಿತ್ತು. ಗೇರೆಣ್ಣೆ ಜಂತಿ, ತೊಲೆಗೆ ಸರಿ, ಗೆದ್ದಲಿಗೆ ಒಳ್ಳೆಯದು. ಆದರೆ ಮೈಗೆ ತಾಗಿದರೆ ಸುಡುತ್ತದೆ, ಮಕ್ಕಳು ಹೊರಳಾಡುವ ನೆಲಕ್ಕೆ ಬೇಡವೇ ಬೇಡ.

ಮರೆತಿದ್ದೆ, ಇದು ಮುಖ್ಯ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಇಂಥ ಎಣ್ಣೆ ಒಣಗುವಾಗ ಬಿಸಿ ಹುಟ್ಟುತ್ತದೆ. ಮುದ್ದೆಯೊಳಗೆ ಆ ಬಿಸಿ ಕೂಡಿ ಯಾರೂ ಕಡ್ಡಿ ಗೀರದೇ ಬೆಂಕಿ ಹತ್ತುತ್ತದೆ. ಮಾವನ ಕಾಲದಲ್ಲಿ ಕೊಟ್ಟಿಗೆಯ ಗೋಣಿಚೀಲ ಹೊಗೆಯಾಡಿದ್ದನ್ನು ನಾನೇ ನೋಡಿದ್ದೇನೆ, ಪಕ್ಕದಲ್ಲೇ ಹುಲ್ಲಿನ ರಾಶಿ ಇತ್ತು. ನೀರಿನ ಬಕೆಟ್ಟಿಗೆ ಹಾಕಿ, ಇಲ್ಲ ಅಂದರೆ ತಂತಿ ಮೇಲೆ ಒಂದೊಂದಾಗಿ ಹರವಿ.

ಫ್ಲ್ಯಾಟ್‌ವಾಸಿ (ಬೆಂಗಳೂರು)

ನಮ್ಮ ಬೆಡ್‌ರೂಮಿನಲ್ಲೂ ವುಡನ್ ಫ್ಲೋರ್ ಇದೆ, ಬಾಗಿಲ ಹತ್ತಿರ ಸವೆದಿದೆ. ಈ ಹಾರ್ಡ್‌ವ್ಯಾಕ್ಸ್ ಆಯಿಲ್ ನಮ್ಮದಕ್ಕೂ ಆಗುತ್ತದಾ? ಬಿಲ್ಡರ್ ಕೊಟ್ಟಿದ್ದು, 8 ಮಿ.ಮೀ. ದಪ್ಪ.

ಪಾಲಿಶ್‌ಕೆಲಸ (ಮಂಗಳೂರು)

ಫ್ಲ್ಯಾಟ್‌ವಾಸಿ ಸರ್, 8 ಮಿ.ಮೀ. ಅಂದರೆ ಬಹುತೇಕ ಲ್ಯಾಮಿನೇಟ್. ಮೇಲೆ ಕಾಣುವುದು ಮರದ ಫೋಟೋ, ಒಳಗೆ ಮರದ ಪುಡಿ ಒತ್ತಿದ ಹಲಗೆ. ಅದನ್ನು ಉಜ್ಜಿದರೆ ಫೋಟೋ ಹೋಗುತ್ತದೆ ಅಷ್ಟೇ. ಏನೂ ಹಚ್ಚಬೇಡಿ. ಸವೆದ ತುಂಡು ಬದಲಾಯಿಸಿ, ಇಲ್ಲ ಅಂದರೆ ಮೇಲೊಂದು ಕಾಲೊರಸು ಹಾಕಿ.

ಕೊಪ್ಪದಕ್ಕ ಹೇಳಿದ್ದನ್ನು ಒಪ್ಪುತ್ತೇನೆ ಅಂತ ಹೇಳಲು ನನ್ನ ಹೊಟ್ಟೆಪಾಡು ಬಿಡುವುದಿಲ್ಲ, ಆದರೂ ತೇಪೆಯ ಮಾತು ನಿಜ. ದೋಣಿಯ ಹಾಗೆ ಬಾಗುವುದೂ ನಿಜ, ಮೆತ್ತಿನ ಕೆಲಸದಲ್ಲಿ ಅದನ್ನು ನಾನು ಮೊದಲೇ ಹೇಳಬೇಕಿತ್ತು. ಲೀಟರ್ ಲೆಕ್ಕದಲ್ಲಿ ಹಾರ್ಡ್‌ವ್ಯಾಕ್ಸ್ ದುಬಾರಿ, ಆದರೆ ತೆಳ್ಳಗೆ ಎರಡೇ ಕೋಟ್. ಡಬ್ಬಿ ಮೇಲೆ ಲೀಟರಿಗೆ 24 ಚದರ ಮೀಟರ್ ಅಂತ ಬರೆದದ್ದು ಸಿಗುತ್ತದೆ. 60 ಚದರ ಮೀಟರಿಗೆ ಐದು ಲೀಟರ್ ಆಯಿತು, ಹಳೇ ಮರ ಜಾಸ್ತಿ ಕುಡಿಯುತ್ತದೆ, ಆರು ಇಟ್ಟುಕೊಳ್ಳಿ. ಹೀಗೆ ನೋಡಿದರೆ ಲೆಕ್ಕ ಅಷ್ಟೇನೂ ದೂರ ಹೋಗುವುದಿಲ್ಲ.

ಆದರೆ ಅಕ್ಕ ಒಂದು ಬಿಟ್ಟರು. ಎಣ್ಣೆ ನೆಲಕ್ಕೆ ಸೋಡಾ, ಕ್ಷಾರ ಇರುವ ಸೋಪು, ಖಡಕ್ ಕ್ಲೀನರ್ ಯಾವುದೂ ಆಗುವುದಿಲ್ಲ. ಜಿಡ್ಡು ಪಾತ್ರೆ ತೊಳೆದ ಹಾಗೆ ಎಣ್ಣೆಯನ್ನೂ ತೊಳೆದು ಹಾಕುತ್ತದೆ. ನೀರು ಅರ್ಧ ದಿನ ನಿಂತರೆ ಪಿಯುಗಿಂತ ಬೇಗ ಕಲೆ ಬೀಳುತ್ತದೆ. ಏಣಿಮೆಟ್ಟಿಲ ಬಾಯಿಯಂಥ ಜಾಗಕ್ಕೆ ಒಂದೆರಡು ವರ್ಷಕ್ಕೊಮ್ಮೆ ಒಂದು ಕೈ ಎಣ್ಣೆ ಬೇಕು. ನಿಮ್ಮ ಅಮ್ಮ ಬಕೆಟ್ ಬಿಡುತ್ತಾರಾ? ಬಿಡುವುದಿಲ್ಲ ಅಂದರೆ ಪಿಯು. ಬಿಡುತ್ತಾರೆ ಅಂದರೆ ಎಣ್ಣೆ.

ಯಾವುದೇ ಇರಲಿ, ಹಳೇ ಮೆಲಮೈನ್ ಒಂದು ಚೂರೂ ಉಳಿಯಬಾರದು. 40 ನಂಬರ್ ಪೇಪರಿನಿಂದ ಶುರು ಮಾಡಿ 60, 80, ಆಮೇಲೆ 120. ನಡುವೆ ಒಂದು ನಂಬರ್ ಹಾರಿಸಿದರೆ ಮೊದಲ ಪೇಪರಿನ ಗೀರು ಎಣ್ಣೆ ಬಿದ್ದ ಮೇಲೆ ಎದ್ದು ಕಾಣುತ್ತದೆ. ಟ್ರಂಕು ಇಟ್ಟ ಜಾಗದಲ್ಲಿ ಕಪ್ಪು ಗೆರೆ ಇದ್ದರೆ ಅದು ಕಬ್ಬಿಣದ ತುಕ್ಕು ಮರದೊಳಗಿನ ಚೊಗರಿನ (ಟ್ಯಾನಿನ್) ಜೊತೆ ಸೇರಿ ಆದದ್ದು. ಉಜ್ಜಿದರೆ ಹೋಗುವುದಿಲ್ಲ. ಆಕ್ಸಾಲಿಕ್ ಆಸಿಡ್ ಬಿಸಿ ನೀರಿನಲ್ಲಿ ಕರಗಿಸಿ ಹಚ್ಚಿ ತೊಳೆದರೆ ಹೋಗುತ್ತದೆ. ಕೈಗವಸು ಬೇಕು, ಅದು ವಿಷ. ಒಣಗಿದ ಮೇಲೆ ಆ ಪುಡಿ ಉಸಿರಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಹಾಸನದವ (ನ್ಯೂಜೆರ್ಸಿ)

ನಾಯಿ ಉಗುರು ಕತ್ತರಿಸಿ, ಮಂಚದ ಕಾಲಿಗೆ ದಪ್ಪ ಬಟ್ಟೆ ಅಂಟಿಸಿ. ಅರ್ಧ ಗೀರು ಅಲ್ಲಿಗೇ ನಿಲ್ಲುತ್ತದೆ. ಅಂಟಿಸಿದ ಬಟ್ಟೆಯಲ್ಲಿ ಮರಳು ಸಿಕ್ಕಿಕೊಂಡರೆ ಅದೇ ಸ್ಯಾಂಡ್ ಪೇಪರ್ ಆಗುತ್ತದೆ, ಆಗಾಗ ನೋಡುತ್ತಿರಿ.

ಮೆತ್ತಿನಮನೆ (ಸಾಗರ ಕಡೆ)

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಮಕ್ಕಳಿಗೆ ಒಂದೊಂದು ಇಂಕ್ ಫಿಲ್ಲರ್ ಕೊಟ್ಟು ನೀರಿನ ಹನಿ ಬಿಡಿಸಿದೆ. ಅವರಿಗೆ ಹಬ್ಬ. ಮಂಚದ ಅಡಿಯಲ್ಲಿ, ಗೋಡೆ ಬದಿಗೆ ಹನಿ ಮುತ್ತಿನ ಹಾಗೆ ನಿಂತಿತು. ಏಣಿಯಿಂದ ಕಿಟಕಿವರೆಗಿನ ದಾರಿಯಲ್ಲಿ ಎಣಿಸುವಷ್ಟರಲ್ಲಿ ಮಾಯ. ಹಲಸಿನ ಹಲಗೆಯಲ್ಲಿ ಇನ್ನೂ ಬೇಗ. ಅಂದರೆ ಇಡೀ ನೆಲ ಉಜ್ಜಲೇಬೇಕು.

ಅಮ್ಮನ ಹತ್ತಿರ ಮಾತಾಡಿದೆ. ಬಕೆಟ್ ಬಿಡಲು ಅವರದ್ದೊಂದು ಷರತ್ತು. ದೇವರ ಸಾಮಾನಿನ ಪೆಟ್ಟಿಗೆ ಇರುವ ಮೂಲೆಯನ್ನು ಮಾತ್ರ ಅವರಿಗೆ ಬೇಕಾದ ಹಾಗೆ ಒರೆಸಲು ಬಿಡಬೇಕಂತೆ. ಒಪ್ಪಿಕೊಂಡೆ. ಆ ಮೂಲೆ ಹಾಳಾದರೆ ಕೊಪ್ಪದಕ್ಕನ ಹಾಗೆ ನಾನೇ ಎರಡು ಚಮಚ ಎಣ್ಣೆ ಹಾಕಿ ತಿಕ್ಕುತ್ತೇನೆ. ಹಾಗಾಗಿ ಎಣ್ಣೆಯೇ. ಏಣಿಮೆಟ್ಟಿಲಿಗೆ ಮಾತ್ರ ನೀರಿನ ಪಿಯು, ಮ್ಯಾಟ್. ಅಲ್ಲಿ ಚೊಗರಿನ ಕಾಲು ತಪ್ಪುವುದಿಲ್ಲ, ಒಂದೊಂದೇ ಮೆಟ್ಟಿಲಾದ್ದರಿಂದ ತೇಪೆಯೂ ಕಾಣುವುದಿಲ್ಲ ಅಂತ ನನ್ನ ಲೆಕ್ಕ.

ಕೊಯ್ಲು ಮುಗಿದು ಫೆಬ್ರವರಿಯಲ್ಲಿ ಕೆಲಸ ಹಿಡಿಸುತ್ತೇನೆ. ಮಕ್ಕಳಿಗೆ ಪರೀಕ್ಷೆ ಹತ್ತಿರ, ಕೆಳಗೆ ಜಗಲಿಯಲ್ಲಿ ಓದಿಕೊಳ್ಳಲಿ. ಹತ್ತು ವರ್ಷ ಮರೆಯುವ ಆಸೆ ಬಿಟ್ಟಿದ್ದೇನೆ.

ಕೆಳಗೆ ಪ್ಲಾಸ್ಟಿಕ್ ಹಾಸಲು ಎಲ್ಲೆಲ್ಲಿ ಸಂದು ದೊಡ್ಡದು ಅಂತ ನೋಡಲು ಟಾರ್ಚ್ ಹಿಡಿದು ಕೆಳಗಿನಿಂದ ಹುಡುಕಿದೆ. ಅಡುಗೆಮನೆ ಬದಿಯ ತೊಲೆಯ ಹತ್ತಿರ ಎರಡು ಹಲಗೆಯಿಂದ ಹಿಟ್ಟಿನಂಥ ಪುಡಿ ಉದುರುತ್ತಿದೆ, ಸಣ್ಣ ಸಣ್ಣ ತೂತು. ಕುಟ್ಟೆ ಇರಬೇಕು ಅಲ್ವಾ? ಉಜ್ಜುವ ಮೊದಲು ಆ ಹಲಗೆ ತೆಗೆಸಬೇಕಾ, ಮದ್ದು ಹೊಡೆಸಿದರೆ ಸಾಕಾ? ಮದ್ದು ಹೊಡೆದ ಮೇಲೆ ಎಣ್ಣೆ ಹಿಡಿಯುತ್ತದಾ?

ಕೊಪ್ಪದಕ್ಕ

ಪುಡಿಯನ್ನು ಗುಡಿಸಿ ತೆಗೆದು ಕೆಳಗೆ ಕಪ್ಪು ಬಟ್ಟೆ ಹಾಸಿ ಇಡಿ. ವಾರ ಬಿಟ್ಟು ಮತ್ತೆ ಬಿದ್ದಿದ್ದರೆ ಹುಳ ಇನ್ನೂ ಜೀವಂತ ಇದೆ. ಬೀಳದಿದ್ದರೆ ಹಳೇ ತೂತು ಇರಬಹುದು, ಯಾರೋ ಮೇಲೆ ಓಡಾಡಿದಾಗ ಉದುರಿದ್ದು. ಚಾಕುವಿನ ತುದಿಯಿಂದ ಹಲಗೆ ಚುಚ್ಚಿ ನೋಡಿ, ಬೆಣ್ಣೆಯ ಹಾಗೆ ಒಳಗೆ ಹೋದರೆ ಹಲಗೆ ಬದಲಾಯಿಸಿ. ಮಕ್ಕಳು ಕುಣಿಯುವ ಜಾಗ ಅದು.